ಸ್ಟ್ರೋಕ್ ಆದವರ ಹೃದಯದಲ್ಲಿರುವ ಸಣ್ಣ ಗಡ್ಡೆ ಮಾಮೂಲಿ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ) ಏಕೆ ಕಾಣದೆ ಹೋಗುತ್ತದೆ?

ಗಡ್ಡೆ ತೀರಾ ಚಿಕ್ಕದು, ಅದೂ ಸದಾ ಆಡುತ್ತಿರುವ ಕವಾಟದ ಮೇಲಿರುತ್ತದೆ. ಎದೆಯ ಮೇಲಿಂದ ಮಾಡುವ ಎಕೋಗೆ ಅದು ಸಿಗದೆ ಹೋಗಬಹುದು. ಪ್ಯಾಪಿಲರಿ ಫೈಬ್ರೋಎಲಾಸ್ಟೋಮಾ ಎಂಬ ಈ ಗಡ್ಡೆ ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ 1 ಸೆಂ.ಮೀ. ಆಸುಪಾಸು ಇರುತ್ತದೆ, ಹೆಚ್ಚಾಗಿ ಮಹಾಪಧಮನಿಯ ಕವಾಟದಲ್ಲಿ, ತೆಳು ತೊಟ್ಟಿನಿಂದ ಎಳೆ ಎಳೆಯಾಗಿ ತೂಗಾಡುತ್ತದೆ. ಅದರ ಚೂರೋ, ಎಳೆಗಳ ಮೇಲೆ ಕಟ್ಟಿದ ರಕ್ತದ ಹೆಪ್ಪೋ ಕಳಚಿ ಮಿದುಳು ಸೇರಿದರೆ ಸ್ಟ್ರೋಕ್.

ಕಾರಣ ಸಿಗದ ಸ್ಟ್ರೋಕ್‌ನಲ್ಲಿ ಟಿಇಇ, ಅಂದರೆ ಅನ್ನನಾಳದೊಳಗಿಂದ ಮಾಡುವ ಎಕೋ, ನೆರವಾಗುವುದು ಇದಕ್ಕೇ: ಅನ್ನನಾಳ ಹೃದಯದ ಹಿಂದೆಯೇ ಹಾದುಹೋಗುತ್ತದೆ, ನಡುವೆ ಪಕ್ಕೆಲುಬು, ಶ್ವಾಸಕೋಶ ಅಡ್ಡ ಬರುವುದಿಲ್ಲ. ಆದರೆ ಕವಾಟದ ಸೋಂಕಿನ ಗಂಟೂ ಹೀಗೇ ಕಾಣಬಹುದು. ಜ್ವರವಿದ್ದರಂತೂ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಪರೀಕ್ಷೆ) ಕಳಿಸಬೇಕು. ಪೂರ್ತಿ ಖಚಿತವಾಗುವುದು ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ.