ಬೇಳೆ ಎಲ್ಲಿಂದ ಬಂತು ಅಂತ ಗೊತ್ತಾಗಬೇಕಾದರೆ, ಎಲ್ಲೆಲ್ಲಿ ಬೆರೆಯಿತು ಅಂತ ನೋಡಬೇಕು

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಬೆಂಗಳೂರಿನಲ್ಲಿ ಬೇಳೆ ಪ್ಯಾಕ್ ಮಾಡಿ ಮಾರುವ ಸಣ್ಣ ಘಟಕ ನಡೆಸುತ್ತಿದ್ದೀರಿ. ಪ್ಯಾಕೆಟ್ ಮೇಲೆ ‘ಕಲಬುರಗಿ ತೊಗರಿ ಬೇಳೆ’ ಅಂತ ಹಾಕುತ್ತೀರಿ. ಈ ಸಲ ಕೆಲವು ಗಿರಾಕಿಗಳು ಬೇಳೆ ಸರಿಯಾಗಿ ಬೇಯುತ್ತಿಲ್ಲ ಅಂದರು. ಏಜೆಂಟರನ್ನು ಕೇಳಿದರೆ ದಾಲ್ ಮಿಲ್ ಕಡೆ ಕೈ ತೋರಿಸಿದರು, ಮಿಲ್‌ನವರು ವ್ಯಾಪಾರಿ ಕಡೆ ತೋರಿಸಿದರು. ಹೊಲದಿಂದ ಪ್ಯಾಕೆಟ್‌ವರೆಗೆ ತೋರಿಸುವ ಸಾಫ್ಟ್‌ವೇರ್ ಹಾಕಿಸಲೇ, ಇದಕ್ಕೆಲ್ಲ ಹೊಣೆ ಯಾರದು ಅಂತ ಕೇಳಿದ್ದೀರಿ.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಹದಿನಾರು ವರ್ಷದಿಂದ ಖರೀದಿ ನೋಡಿಕೊಳ್ಳುತ್ತಿದ್ದೇನೆ. ಸಾಫ್ಟ್‌ವೇರ್‌ಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ಬೇಳೆ ಎಷ್ಟು ಕಡೆ ಬೇರೆ ಮಾಲಿನ ಜೊತೆ ಬೆರೆಯುತ್ತದೆ ಅಂತ ಬರೆಯಿರಿ. ಮಾಲು ಬೆರೆತ ಕಡೆಯಲ್ಲೇ ಅದರ ಹೆಸರು ಕಳೆದುಹೋಗುತ್ತದೆ.

ನಮ್ಮ ಕಡೆ ಹೀಗಾಗುತ್ತದೆ. ಡಿಸೆಂಬರ್‌ನಿಂದ ತೊಗರಿ ರಾಶಿ ಶುರು. ಎಷ್ಟೋ ಸಣ್ಣ ರೈತರು ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಬರುವುದೇ ಇಲ್ಲ, ಊರಲ್ಲೇ ಖರೀದಿದಾರರಿಗೆ ಕೊಡುತ್ತಾರೆ. ಅವರು ಹತ್ತು ಮನೆಯ ಕಾಳು ಒಂದೇ ಟೆಂಪೋಗೆ ತುಂಬುತ್ತಾರೆ. ಅದು ಮೊದಲನೇ ಬೆರಕೆ. ಗಂಜ್‌ಗೆ ಬಂದ ರೈತರ ಮಾಲು ಅಡತಿ (ಕಮಿಷನ್ ಏಜೆಂಟರ) ಅಂಗಡಿ ಮುಂದೆ ಬೇರೆ ಬೇರೆ ರಾಶಿಯಾಗಿಯೇ ಇರುತ್ತದೆ, ರಸೀದಿಯಲ್ಲಿ ರೈತರ ಹೆಸರೂ ಇರುತ್ತದೆ. ಆದರೆ ಟೆಂಡರ್ (ಹರಾಜು) ಮುಗಿದು ಮಾಲು ಖರೀದಿದಾರರ ಗೋದಾಮಿಗೆ ಹೋದ ಮೇಲೆ ಎಲ್ಲ ಒಂದೇ ಥಪ್ಪಿ, ಅಂದರೆ ಚೀಲಗಳ ಒಂದೇ ಅಟ್ಟಿ. ಅದು ಎರಡನೇದು. ಮೂರನೇದು ನಮ್ಮ ಮಿಲ್‌ನಲ್ಲೇ. ಕಾಳು ಸ್ವಚ್ಛ ಮಾಡಿ, ಎಣ್ಣೆ ಹಚ್ಚಿ, ನೀರು ಕೊಟ್ಟು, ಒಣಗಿಸಿ, ಸಿಪ್ಪೆ ತೆಗೆದು ಒಡೆಯುವ ಹೊತ್ತಿಗೆ ನಾಲ್ಕಾರು ದಿನದ ಖರೀದಿ ಒಟ್ಟಿಗೆ ಸೇರಿರುತ್ತದೆ. ನಾಲ್ಕನೇದು ನಿಮ್ಮ ಊರಿನ ಸಗಟು ಅಂಗಡಿಯಲ್ಲಿ.

ಹಾಗಾಗಿ ‘ಇದು ಇಂಥ ರೈತರ ಹೊಲದ ಬೇಳೆ’ ಅಂತ ಮಾಮೂಲಿ ಮಿಲ್‌ನವರು ಹೇಳಿದರೆ ನಂಬಬೇಡಿ. ಅಷ್ಟು ಬೇಕೇ ಬೇಕು ಅಂದರೆ ರೈತ ಉತ್ಪಾದಕ ಕಂಪನಿಯಿಂದ ಕಾಳು ಕೊಂಡು, ಮಿಲ್ ಖಾಲಿ ಮಾಡಿಸಿ ನಿಮ್ಮದನ್ನೇ ಪ್ರತ್ಯೇಕ ಓಡಿಸಬೇಕು. ಖರ್ಚು ಜಾಸ್ತಿ. ನಿಮಗೆ ಮೊದಲ ವರ್ಷಕ್ಕೆ ಇಷ್ಟು ಸಾಕು: ಚೀಲದ ಮೇಲಿನ ಬ್ಯಾಚ್ ನಂಬರ್ ಹೇಳಿದರೆ, ಅದು ಯಾವ ದಿನ ಒಡೆದದ್ದು, ಅದಕ್ಕೆ ಯಾವ ಯಾವ ತಾರೀಖಿನ, ಯಾರ ಕಡೆಯ ಖರೀದಿ ಬಿದ್ದಿದೆ ಅಂತ ಮಿಲ್‌ನವರು ಒಂದು ದಿನದೊಳಗೆ ಹೇಳಬೇಕು.

ಇದನ್ನು ನಾವು ಕಷ್ಟಪಟ್ಟೇ ಕಲಿತೆವು. ಕೆಲವು ವರ್ಷದ ಹಿಂದೆ ಒಬ್ಬ ವ್ಯಾಪಾರಿಯಿಂದ ಬಂದ ಮಾಲಿನಲ್ಲಿ ಹೊರದೇಶದ ತೊಗರಿ ಬೆರೆತಿತ್ತು. ನಮ್ಮ ಭಾಗದ್ದೇ ಅಂತ ಹೇಳಿ ಕೊಟ್ಟಿದ್ದರು, ನಾನೂ ಮುಷ್ಟಿಯಲ್ಲಿ ಹಿಡಿದು ನೋಡಿ ಒಪ್ಪಿಕೊಂಡಿದ್ದೆ. ಗಿರಾಕಿಗಳಿಂದ ಫೋನ್ ಬಂದಾಗ ಆ ಕಾಳು ಯಾವ ಚೀಲಗಳಿಗೆ ಹೋಗಿದೆ ಅಂತ ಹೇಳಲು ಆಗಲಿಲ್ಲ. ಕೊನೆಗೆ ಆ ವಾರ ಒಡೆದ ಬೇಳೆ ಪೂರ್ತಿ ವಾಪಸ್ ತರಿಸಿದೆವು. ಬೆರಕೆ ಮಾಲು ಬಹುಶಃ ಒಂದು ಲಾರಿ, ವಾಪಸ್ ಬಂದದ್ದು ಆರು ಲಾರಿ. ಆ ಐದು ಲಾರಿಯ ನಷ್ಟ ಬೆರಕೆಯಿಂದ ಆಗಲಿಲ್ಲ, ಚೀಟಿ ಇಲ್ಲದ್ದರಿಂದ ಆಯಿತು. ಈಗ ಪ್ರತಿ ಖರೀದಿಯ ಥಪ್ಪಿಗೂ ಚೀಟಿ ಇದೆ, ಪ್ರತಿ ಬ್ಯಾಚ್‌ನಿಂದ ಅರ್ಧ ಕಿಲೋ ಸ್ಯಾಂಪಲ್ ಎತ್ತಿಡುತ್ತೇವೆ, ಒಂದು ಹಿಡಿ ಬೇಯಿಸಿಯೂ ನೋಡುತ್ತೇವೆ. ಇದಕ್ಕೆ ಬೇಕಾಗಿದ್ದು ಒಂದು ರಿಜಿಸ್ಟರ್ ಮತ್ತು ಅದನ್ನು ತಪ್ಪದೆ ಬರೆಯುವ ಒಬ್ಬ ಹುಡುಗ, ಅಷ್ಟೇ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಹೊರದೇಶದ ತೊಗರಿ ಕೆಟ್ಟದ್ದೇನಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದಿಂದ ಬರದಿದ್ದರೆ ದೇಶಕ್ಕೆ ಬೇಳೆ ಸಾಲುವುದಿಲ್ಲ. ಆದರೆ ನೀವು ಪ್ಯಾಕೆಟ್ ಮೇಲೆ ನಮ್ಮ ಜಿಲ್ಲೆಯ ಹೆಸರು ಹಾಕಿದ್ದೀರಿ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಆ ಹೆಸರಲ್ಲಿ ಬೇರೆ ಮಾಲು ಮಾರಿದರೆ ಗಿರಾಕಿಗೂ ಮೋಸ, ಇಲ್ಲಿ ಕಪ್ಪು ಮಣ್ಣಲ್ಲಿ ಮಳೆ ನಂಬಿ ಬೆಳೆದವರಿಗೂ ಮೋಸ. ನನಗೆ ಸಿಟ್ಟು ಬರುವುದು ಅದಕ್ಕೇ.

ಇನ್ನು ಹೊಣೆ ಯಾರದು ಅಂತ ಕೇಳಿದಿರಿ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತಯಾರಕರು, ಪ್ಯಾಕ್ ಮಾಡುವವರು, ಸಗಟು ವ್ಯಾಪಾರಿ, ಅಂಗಡಿಯವರು ಎಲ್ಲರಿಗೂ ಅವರವರ ಹೊಣೆ ಹೇಳಿದ್ದಾರೆ. ಅಧಿಕಾರಿಗಳು ಪ್ಯಾಕೆಟ್ ಮೇಲೆ ಹೆಸರಿರುವವರ ಬಾಗಿಲಿಗೇ ಮೊದಲು ಬರುತ್ತಾರೆ, ಅಂದರೆ ನಿಮ್ಮ ಬಾಗಿಲಿಗೆ. ನಿಮಗೆ ಮಾರುವವರು ಮಾಲಿನ ಗುಣಮಟ್ಟಕ್ಕೆ ಲಿಖಿತ ಖಾತರಿ ಕೊಡಬೇಕು ಅಂತಲೂ ಅದೇ ಕಾನೂನಿನಲ್ಲಿದೆ, ಅದಕ್ಕೆ ‘ಫಾರ್ಮ್ ಇ’ ಅನ್ನುತ್ತಾರೆ. ಬಿಲ್ ಜೊತೆ ಅದನ್ನು ಕೇಳಿ ಪಡೆಯಿರಿ. ಏಜೆಂಟರು ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ನಿಮಗೆ ಉತ್ತರ ಸಿಕ್ಕಿತು.

ಜೊತೆಗೆ ನಿಮ್ಮ ಕಡೆಯ ಒಂದು ಹೊಣೆಯನ್ನೂ ಹೇಳಬೇಕು. ನಿಮ್ಮಿಂದ ದುಡ್ಡು ತೊಂಬತ್ತು ದಿನಕ್ಕೆ ಬಂದರೆ ಮಿಲ್‌ನವರು ವ್ಯಾಪಾರಿಗೆ ತಡ ಮಾಡುತ್ತಾರೆ, ವ್ಯಾಪಾರಿ ಅಗ್ಗದ ಕಾಳು ಹುಡುಕುತ್ತಾರೆ. ಬೆರಕೆ ಶುರುವಾಗುವುದು ಎಷ್ಟೋ ಸಲ ಅಲ್ಲಿಂದಲೇ. ನೋಂದಾಯಿತ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾನೂನೇ ಹೇಳುತ್ತದೆ. ನೀವು ಹದಿನೈದು ದಿನಕ್ಕೆ ಕೊಟ್ಟು ನೋಡಿ, ಚೀಟಿ, ಸ್ಯಾಂಪಲ್ ಎಲ್ಲ ಕೇಳುವ ಬಲ ನಿಮಗೆ ತಾನಾಗಿ ಬರುತ್ತದೆ. ಮಿಲ್‌ಗೆ ಹೋದಾಗ ಕಾಳಿನ ಹುಳ ಸಾಯಿಸುವ ಗುಳಿಗೆ ಇಡುವವರು ಯಾರು ಅಂತಲೂ ಕೇಳಿ. ಅದರ ಗ್ಯಾಸ್ ಜೀವ ತೆಗೆಯುತ್ತದೆ. ಪಕ್ಕದ ಕೋಣೆಯಲ್ಲಿ ಹಮಾಲರು ಮಲಗುವಂಥ ಕಡೆ ಅದನ್ನು ಇಡಲೇಬಾರದು. ನಿಮ್ಮ ಬೇಳೆಯ ದಾರಿಯಲ್ಲಿ ಅವರೂ ಇದ್ದಾರೆ.

ಪೂರೈಕೆ ನಿಂತುಹೋಗುವ ಭಯದ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ. ‘ಎರಡನೇ ಮಿಲ್ ಇಟ್ಟುಕೊಂಡಿದ್ದೇನೆ’ ಅಂದಿರಿ, ಅದೂ ಕಲಬುರಗಿಯದ್ದೇ. 2022ರ ಹಂಗಾಮಿನಲ್ಲಿ ನೆಟೆ (ಗಿಡ ಬಾಡಿಸುವ) ರೋಗಕ್ಕೆ ಇಲ್ಲಿನ ತೊಗರಿ ನಿಂತಲ್ಲೇ ಒಣಗಿತು. ಆಗ ಗಂಜ್‌ನ ಎಲ್ಲ ಮಿಲ್‌ಗಳಿಗೂ ಒಟ್ಟಿಗೇ ಕಾಳಿನ ಕೊರತೆ ಆಯಿತು. ಪಕ್ಕದ ಬೀದರ್, ಲಾತೂರ್, ಸೊಲ್ಲಾಪುರಗಳನ್ನೂ ಪೂರ್ತಿ ಬೇರೆ ಅಂತ ಎಣಿಸಬೇಡಿ, ಮಳೆ ಕೈಕೊಟ್ಟ ವರ್ಷ ಸಾಮಾನ್ಯವಾಗಿ ಎಲ್ಲ ಕಡೆಯೂ ಕೈಕೊಡುತ್ತದೆ. ಇನ್ನೊಂದು ಹೆಸರಿನ ಪ್ಯಾಕೆಟ್ ಇಟ್ಟುಕೊಳ್ಳಿ, ಅದರಲ್ಲಿ ಎಲ್ಲಿಯದು ಅಂತ ನಿಜ ಬರೆದು ಬೇರೆ ಕಡೆಯ ಬೇಳೆ ತುಂಬಿ. ಬರ ಬಂದ ವರ್ಷ ಸುಳ್ಳು ಹೇಳುವ ಒತ್ತಡವೇ ಇರುವುದಿಲ್ಲ.

ವರ್ಷಕ್ಕಾಗುವಷ್ಟು ಕೊಂಡು ತುಂಬಿಟ್ಟರೆ ಆಯಿತಲ್ಲ ಅನ್ನಬಹುದು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ದಾಸ್ತಾನಿಗೆ ಮಿತಿ ಹಾಕಿತು. ಸಗಟು ವ್ಯಾಪಾರಿಗೆ 200 ಟನ್, ಸೆಪ್ಟೆಂಬರ್‌ನಲ್ಲಿ ಅದನ್ನೇ 50ಕ್ಕೆ ಇಳಿಸಿದರು. ದರವೂ ಹಾಗೇ. ಅದೇ 2023ರಲ್ಲಿ ಕ್ವಿಂಟಲ್ ಹತ್ತು ಸಾವಿರ ದಾಟಿದ್ದ ತೊಗರಿ, 2025ರ ಆರಂಭಕ್ಕೆ 7,550 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೂ ಹೋಯಿತು. ಮೇಲಿನ ದರದಲ್ಲಿ ತುಂಬಿಟ್ಟವರು ಏನಾದರು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಎರಡು ತಿಂಗಳ ಮಾಲು ಕೈಯಲ್ಲಿರಲಿ, ಅದಕ್ಕಿಂತ ಜಾಸ್ತಿ ಬೇಡ.

ಈಗ ಎದುರಿಗಿರುವ ತಕರಾರಿಗೆ ಇವತ್ತೇ ಮಾಡಬೇಕಾದದ್ದು: ದೂರು ಬಂದ ಪ್ಯಾಕೆಟ್‌ಗಳ ನಂಬರ್ ಬರೆದುಕೊಳ್ಳಿ, ಅವು ಯಾವ ಚೀಲದಿಂದ ಬಂದವು ನೋಡಿ, ಆ ಚೀಲದ ಉಳಿದ ಬೇಳೆ ಮಾರುವುದು ನಿಲ್ಲಿಸಿ. ಚೀಲಕ್ಕೆ ಬ್ಯಾಚ್ ನಂಬರ್ ಇದ್ದರೆ ಏಜೆಂಟರನ್ನು ಬಿಟ್ಟು ನೇರ ಮಿಲ್‌ಗೆ ಫೋನ್ ಮಾಡಿ ಖರೀದಿ ತಾರೀಖು ಕೇಳಿ. ಬೇಳೆ ಹಳೆಯದಾಗಿಯೂ ಬೇಯದೆ ಇರಬಹುದು, ನಿಮ್ಮ ಊರಿನ ಗಡಸು ನೀರಿಗೂ ಇರಬಹುದು. ಅದಕ್ಕೆ ಕಲಬುರಗಿಯದ್ದೇ ಅಂತ ಖಚಿತ ಇರುವ ಹೊಸ ಬೇಳೆ ಒಂದು ಕಿಲೋ ತರಿಸಿ, ಎರಡನ್ನೂ ಒಂದೇ ನೀರಲ್ಲಿ ಪಕ್ಕಪಕ್ಕ ಬೇಯಿಸಿ ನೋಡಿ. ಏನಾಯಿತು ಅಂತ ಇಲ್ಲಿ ಬರೆಯಿರಿ, ಮುಂದಿನದಕ್ಕೆ ನಾನು ಜೊತೆಗಿದ್ದೇನೆ.