ತಣ್ಣೀರಿನಲ್ಲಿ ದೂರದ ಈಜು: ಅಪಾಯ ಎಲ್ಲಿದೆ?

ಪ್ರಶ್ನೆ: ಹತ್ತೊಂಬತ್ತು ವರ್ಷದ ನನ್ನ ಮಗ ಈಜುಕೊಳದಲ್ಲಿ ನಿಲ್ಲದೆ ಐದು ಕಿ.ಮೀ. ಈಜುತ್ತಾನೆ. ಇಂಗ್ಲಿಷ್ ಕಡಲ್ಗಾಲುವೆ ದಾಟಬೇಕೆಂಬುದು ಅವನ ಆಸೆ. ನಮ್ಮ ಬಿಸಿಲಿನಲ್ಲಿ ಬೆಳೆದವರಿಗೆ ಅದು ಸಾಧ್ಯವೇ? ತಣ್ಣೀರಿನಲ್ಲಿ ಗಂಟೆಗಟ್ಟಲೆ ಇದ್ದರೆ ದೇಹಕ್ಕೆ ಏನಾಗುತ್ತದೆ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಖಂಡಿತ ಸಾಧ್ಯ. 1958ರಲ್ಲಿ ಮಿಹಿರ್ ಸೇನ್, 1959ರಲ್ಲಿ ಆರತಿ ಸಹಾ ಅದನ್ನು ದಾಟಿದರು. ಇಬ್ಬರೂ ಸೆಕೆಯ ನಾಡಿನಲ್ಲೇ ಬೆಳೆದವರು. ಆದರೆ ಈಜುವ ದಮ್ಮು ಬೇರೆ, ಚಳಿ ತಾಳುವ ಶಕ್ತಿ ಬೇರೆ. ಅತಿ ಕಿರಿದಾದ ಕಡೆಯಲ್ಲೇ ಸುಮಾರು 33 ಕಿ.ಮೀ. ಅಗಲವಿರುವ ಆ ಕಡಲ್ಗಾಲುವೆಯ ನೀರು ಬೇಸಿಗೆಯಲ್ಲೂ 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಸಾಂಪ್ರದಾಯಿಕ ನಿಯಮದಂತೆ ಮೈ ಬೆಚ್ಚಗಿಡುವ ಉಡುಪನ್ನೂ ತೊಡುವಂತಿಲ್ಲ.

ಎಲ್ಲರೂ ಹೆದರುವುದು ನಡುನೀರಿನ ದಣಿವಿಗೆ. ಆದರೆ ನೀರಿಗಿಳಿದ ಮೊದಲ ಎರಡು ಮೂರು ನಿಮಿಷಗಳೂ ಅಷ್ಟೇ ಅಪಾಯಕಾರಿ. ಚರ್ಮ ಥಟ್ಟನೆ ತಣ್ಣಗಾದಾಗ ಉಸಿರು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ, ಏದುಸಿರು ಹತ್ತುತ್ತದೆ, ಹೃದಯದ ಬಡಿತವೂ ರಕ್ತದೊತ್ತಡವೂ ಏರುತ್ತವೆ. ಆ ಕ್ಷಣ ಮುಖ ನೀರಿನೊಳಗಿದ್ದರೆ ಎಂಥ ಈಜುಗಾರನೂ ನೀರು ಕುಡಿಯುತ್ತಾನೆ. ಹೃದಯದ ದೋಷ ಗೊತ್ತಿಲ್ಲದೆ ಉಳಿದಿದ್ದರೆ ಹೊರಬೀಳುವುದೂ ಆಗಲೇ, ಆದ್ದರಿಂದ ಮೊದಲು ಇಸಿಜಿ ಮಾಡಿಸಿ. ಕೆಲವೇ ನಿಮಿಷಗಳಂತೆ ಐದಾರು ಬಾರಿ ತಣ್ಣೀರಿಗಿಳಿದು ರೂಢಿಸಿಕೊಂಡರೆ ಈ ಆಘಾತ ಬಹಳಷ್ಟು ತಗ್ಗುತ್ತದೆ.

ನಂತರ ತೋಳುಗಳ ಸರದಿ. ಮುಂಗೈಯ ನರ, ಸ್ನಾಯುಗಳು ತಣ್ಣಗಾದಂತೆ ಬೆರಳುಗಳು ಕೂಡದೆ ಅಗಲಗಲವಾಗಿ ನಿಲ್ಲುತ್ತವೆ, ಕೈ ಬೀಸು ಮೊಟಕಾಗುತ್ತದೆ, ಕಾಲುಗಳು ಕೆಳಗಿಳಿದು ದೇಹ ನೆಟ್ಟಗಾಗುತ್ತದೆ. ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದು ಇನ್ನೂ ಕುಸಿಯುತ್ತ ಹೋದರೆ ಮಾತು ತೊದಲುತ್ತದೆ, ವಿವೇಚನೆ ಮಂಕಾಗುತ್ತದೆ. ಆಗ ದೋಣಿಯಿಂದ ಕೇಳಿದರೆ ಈಜುಗಾರ ‘ನಾನು ಚೆನ್ನಾಗಿದ್ದೇನೆ’ ಎಂದೇ ಹೇಳಬಹುದು. ಆ ಮಾತನ್ನು ನಂಬಬಾರದು. ಈಜು ನಿಲ್ಲಿಸುವ ಅಧಿಕಾರ ದೋಣಿಯಲ್ಲಿರುವವರ ಕೈಯಲ್ಲೇ ಇರಬೇಕೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ನೀರಿನಲ್ಲೇ ಉಬ್ಬಸ, ಕೆಮ್ಮು, ನೊರೆಯಂಥ ಅಥವಾ ರಕ್ತ ಬೆರೆತ ಕಫ ಕಂಡರೆ ಶ್ವಾಸಕೋಶದಲ್ಲಿ ದ್ರವ ತುಂಬುತ್ತಿರಬಹುದು. ಆಗ ತಕ್ಷಣ ಮೇಲೆತ್ತಿ ಆಸ್ಪತ್ರೆಗೆ ಒಯ್ಯಬೇಕು.

ದಡ ಸೇರಿದ ಮೇಲೂ ಅರ್ಧ ಗಂಟೆಯವರೆಗೆ ಒಳಮೈ ಉಷ್ಣತೆ ಇಳಿಯುತ್ತಲೇ ಇರಬಹುದು. ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಟೋಪಿ ಸಮೇತ ಒಣ ಉಡುಪು ತೊಡಿಸಿ ಕೂರಿಸಿ. ಬಿಸಿನೀರಿನ ಸ್ನಾನ, ಮೈ ತಿಕ್ಕುವುದು, ಮದ್ಯ ಯಾವುದೂ ಬೇಡ. ಪೂರ್ತಿ ಎಚ್ಚರವಿದ್ದು ನುಂಗಲು ಬಂದರೆ ಬೆಚ್ಚನೆಯ ಸಿಹಿ ಪಾನೀಯ ಕೊಡಬಹುದು.

ಆ ಕಡಲ್ಗಾಲುವೆಗೆ ಇಳಿಯುವ ಮುನ್ನ 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಆರು ಗಂಟೆ ಈಜಿದ ದಾಖಲೆ ಒದಗಿಸಬೇಕು. ತುಂಗಭದ್ರೆಯ ಹಿನ್ನೀರು ಚಳಿಗಾಲದಲ್ಲೂ ಅಷ್ಟು ತಣ್ಣಗಾಗುವುದಿಲ್ಲ, ಹಾಗಾಗಿ ಕೊನೆಯ ಹಂತದ ತರಬೇತಿಗೆ ಶೀತಪ್ರದೇಶಕ್ಕೇ ಹೋಗಬೇಕಾಗುತ್ತದೆ. ಅಲ್ಲಿಯವರೆಗೆ ಅಭ್ಯಾಸವೆಂದು ತುಂಗಭದ್ರಾ ಕಾಲುವೆಗಳಿಗೆ ಮಾತ್ರ ಇಳಿಯಲು ಬಿಡಬೇಡಿ: ಅಲ್ಲಿ ಸೆಳವು ಬಲವಾಗಿರುತ್ತದೆ, ಜಾರುವ ಇಳಿಜಾರು ಗೋಡೆಗೆ ಹಿಡಿತ ಸಿಗುವುದಿಲ್ಲ.