ಬೇಲಿ ಹಾಕಿದರೆ ಚಿಟ್ಟೆ ಉಳಿಯುತ್ತದೆಯೇ?

ಓದುಗರೊಬ್ಬರು ಬರೆದಿದ್ದಾರೆ: "ಒಂದು ಹುಲ್ಲುಬಯಲಿನಲ್ಲಿ ಅಪರೂಪದ ಚಿಟ್ಟೆಯೊಂದನ್ನು ನಾವು ಕೆಲವು ಗೆಳೆಯರು ಎರಡು ವರ್ಷದಿಂದ ನೋಡುತ್ತಿದ್ದೇವೆ. ಜಾಗದ ಮಾಲೀಕರು ಒಪ್ಪಿದ್ದಾರೆ. ಸುತ್ತ ಬೇಲಿ ಹಾಕಿ, ದನ ಕುರಿ ಬರದಂತೆ ತಡೆದು, ಒಳಗೆ ಹೂಗಿಡ ನೆಡಬೇಕು ಅಂತಿದ್ದೇವೆ. ಇಷ್ಟು ಸಾಕಲ್ವಾ?"

ಸಂಪಾದಕರ ಉತ್ತರ:

ಸ್ವಲ್ಪ ತಡೆಯಿರಿ. ನಿಮ್ಮ ಹುರುಪಿಗೆ ತಣ್ಣೀರು ಎರಚುವ ಆಸೆ ನನಗಿಲ್ಲ. ಆದರೆ ಇದೇ ಕೆಲಸ ಮಾಡಿ ಚಿಟ್ಟೆಯನ್ನು ಕಳೆದುಕೊಂಡವರಿದ್ದಾರೆ. ಆ ಕತೆ ಕೇಳಿ, ಆಮೇಲೆ ಬೇಲಿಗೆ ಗುಂಡಿ ತೋಡಿ.

ಇಂಗ್ಲೆಂಡಿನಲ್ಲಿ ಲಾರ್ಜ್ ಬ್ಲೂ ಅನ್ನುವ ನೀಲಿ ಚಿಟ್ಟೆ ಇತ್ತು. ಅದು ಕಡಿಮೆಯಾಗುತ್ತಾ ಬಂದಾಗ ಎಲ್ಲರೂ ಬೆರಳು ತೋರಿಸಿದ್ದು ಚಿಟ್ಟೆ ಹಿಡಿದು ಪೆಟ್ಟಿಗೆಯಲ್ಲಿ ಪಿನ್ ಚುಚ್ಚಿಡುವ ಸಂಗ್ರಾಹಕರ ಕಡೆಗೆ. ಅವರನ್ನು ತಡೆಯಲು ಬೇಲಿ ಬಂತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನಮಗೆಲ್ಲ ಗೊತ್ತು. ಇಲ್ಲಿ ಬೇಲಿ ತಾನು ಮೇಯಲಿಲ್ಲ, ಮೇಯುವವರನ್ನೂ ಒಳಗೆ ಬಿಡಲಿಲ್ಲ. ಕೆಟ್ಟದ್ದು ಅಲ್ಲೇ.

ಯಾಕೆ ಅಂತ ತಿಳಿಯಲು ಹುಳದ ಬದುಕು ನೋಡಬೇಕು. ಈ ಚಿಟ್ಟೆ ಥೈಮ್ ಗಿಡದ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಎರಡು ಮೂರು ವಾರ ಹೂವು ತಿನ್ನುತ್ತದೆ. ಆಮೇಲೆ ಒಂದು ಸಂಜೆ ನೆಲಕ್ಕೆ ಉದುರಿ ಸುಮ್ಮನೆ ಕಾಯುತ್ತದೆ. ಕೆಂಪಿರುವೆಯೊಂದು ಬಂದು, ಅದು ಒಸರುವ ಸಿಹಿ ಹನಿ ಕುಡಿದು, ತನ್ನದೇ ಮರಿ ಅಂದುಕೊಂಡು ಗೂಡಿಗೆ ಹೊತ್ತುಕೊಂಡು ಹೋಗುತ್ತದೆ. ಒಳಗೆ ಹೋದ ಈ ಅತಿಥಿ ಮಾಡುವ ಕೆಲಸವೇನು ಗೊತ್ತೇ? ಇರುವೆಯ ಮರಿಗಳನ್ನೇ ತಿನ್ನುತ್ತಾ ಸುಮಾರು ಹತ್ತು ತಿಂಗಳು ಅಲ್ಲೇ ಇರುತ್ತದೆ! ಪೂರ್ತಿ ಬೆಳೆದ ಹುಳದ ತೂಕದಲ್ಲಿ ನೂರಕ್ಕೆ 98 ಪಾಲು ಬರುವುದು ಈ ಗೂಡಿನ ಊಟದಿಂದ. ನಾವು ಹೂವಿನ ಮೇಲೆ ನೋಡಿ ಫೋಟೋ ತೆಗೆಯುವುದು ಅದರ ಬದುಕಿನ ಕೊನೆಯ ಕೆಲವು ದಿನಗಳನ್ನು ಮಾತ್ರ.

1970ರ ದಶಕದಲ್ಲಿ ಜೆರೆಮಿ ಥಾಮಸ್ ಅನ್ನುವ ವಿಜ್ಞಾನಿ ಉಳಿದಿದ್ದ ಕೊನೆಯ ನೆಲೆಯಲ್ಲಿ ವರ್ಷಗಟ್ಟಲೆ ಕೂತು ನೋಡಿದರು. ಯಾವ ಕೆಂಪಿರುವೆಯ ಗೂಡಾದರೂ ಆದೀತು ಅಂತ ಅಲ್ಲಿಯವರೆಗೆ ಎಲ್ಲರೂ ಅಂದುಕೊಂಡಿದ್ದರು. ಹಾಗಲ್ಲ. ಹುಳು ಚೆನ್ನಾಗಿ ಬದುಕುವುದು ಮಿರ್ಮಿಕಾ ಸಬುಲೆಟಿ ಅನ್ನುವ ಒಂದೇ ಜಾತಿಯ ಗೂಡಿನಲ್ಲಿ. ಆ ಇರುವೆಗೆ ನೆಲ ಬೆಚ್ಚಗಿರಬೇಕು. ಹುಲ್ಲು ಎರಡು ಮೂರು ಸೆಂಟಿಮೀಟರ್ ದಾಟಿದರೆ ನೆರಳು ಬಿದ್ದು ಮಣ್ಣು ತಂಪಾಗುತ್ತದೆ. ಆಗ ಬೇರೆ ಜಾತಿಯ ಇರುವೆಗಳು ಬಂದು ಕೂರುತ್ತವೆ. ಬೇಲಿಯೊಳಗೆ ಕುರಿ ಇಲ್ಲ, ದನ ಇಲ್ಲ. ಸಾಲದ್ದಕ್ಕೆ 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಹುಲ್ಲು ಮೇಯುತ್ತಿದ್ದ ಮೊಲಗಳೂ ರಾಶಿ ರಾಶಿ ಸತ್ತಿದ್ದವು. ಥೈಮ್ ಹೂ ಇತ್ತು, ಚಿಟ್ಟೆ ಮೊಟ್ಟೆಯೂ ಇಡುತ್ತಿತ್ತು. ಕೆಳಗೆ ಬೇಕಾದ ಇರುವೆ ಮಾತ್ರ ಇರಲಿಲ್ಲ. ವಿಷಯ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. 1979ರಲ್ಲಿ ಬ್ರಿಟನ್ನಿನ ಲಾರ್ಜ್ ಬ್ಲೂ ಮುಗಿದೇಹೋಯಿತು.

ಮುಂದಿನ ಭಾಗ ಸಮಾಧಾನದ್ದು. ದನ ಕುರಿ ಬಿಟ್ಟು ಮೇಯಿಸಿ, ಪೊದೆ ಕಡಿದು, ಇರುವೆ ತಾನಾಗಿ ಹೆಚ್ಚುವಂತೆ ಮಾಡಿದರು. 1983ರಿಂದ ಸ್ವೀಡನ್ನಿನ ಓಲಾಂಡ್ ದ್ವೀಪದ ಚಿಟ್ಟೆಯ ಮರಿಹುಳುಗಳನ್ನು ತಂದು ಬಿಡತೊಡಗಿದರು. ಇವತ್ತು ಸಾಮರ್ಸೆಟ್‌ನ ಕಾಲರ್ಡ್ ಹಿಲ್‌ನಲ್ಲಿ ಯಾರು ಬೇಕಾದರೂ ಹೋಗಿ ಅದನ್ನು ನೋಡಬಹುದು.

ಅದೊಂದು ವಿಚಿತ್ರ ಚಿಟ್ಟೆ, ನಮ್ಮದು ಹಾಗಲ್ಲ ಅಂತ ನೀವು ಹೇಳಬಹುದು. ಇರಬಹುದು. ಆದರೆ ಅಮೆರಿಕದ ನಾರ್ತ್ ಕೆರೊಲಿನಾದ ಸೇಂಟ್ ಫ್ರಾನ್ಸಿಸ್ ಸ್ಯಾಟಿರ್ ಅನ್ನುವ ಕಂದು ಚಿಟ್ಟೆಗೆ ಇರುವೆಯ ಗೊಡವೆಯೇ ಇಲ್ಲ. ಅದು ಉಳಿದಿರುವುದು ಸೇನೆಯ ನೆಲೆಯೊಂದರಲ್ಲಿ. ಅದೂ ಫಿರಂಗಿ ಗುಂಡು ಬಿದ್ದು ಬೆಂಕಿ ಹತ್ತುವ ಜಾಗದಲ್ಲೇ ಜಾಸ್ತಿ! ಬೆಂಕಿ ಮರಗಿಡಗಳನ್ನು ಸುಟ್ಟು, ಬೀವರ್ ಅನ್ನುವ ದೊಡ್ಡ ಇಲಿಯಂಥ ಪ್ರಾಣಿಗಳು ತೊರೆಗೆ ಕಟ್ಟುವ ಒಡ್ಡು ನೆಲ ನೆನೆಸಿದರೆ, ಅದರ ಹುಳುವಿಗೆ ಬೇಕಾದ ಜೇಕಿನ ಹುಲ್ಲು ಬೆಳೆಯುತ್ತದೆ. ಬೆಂಕಿಯಿಲ್ಲದೆ ಜೋಪಾನವಾಗಿದ್ದ ಜಾಗಗಳಲ್ಲಿ ಪೊದೆ ಮುಚ್ಚಿ ಚಿಟ್ಟೆ ಕಾಣೆಯಾಯಿತು.

ಹಾಗಂತ ನಾಳೆಯೇ ಬಯಲಿಗೆ ಬೆಂಕಿ ಇಡಬೇಡಿ. ಒಂದು ವರ್ಷ ಬರೀ ನೋಡಿ. ಹೆಣ್ಣು ಚಿಟ್ಟೆ ಹಾರುತ್ತಾ ಎಲೆ ಎಲೆಯ ಮೇಲೆ ಕಾಲು ಊರಿ ಏಳುತ್ತಿದ್ದರೆ ಅದು ಮಕರಂದಕ್ಕಲ್ಲ, ಕಾಲಿನಲ್ಲೇ ರುಚಿ ನೋಡಿ ಮೊಟ್ಟೆಗೆ ಗಿಡ ಹುಡುಕುತ್ತಿದೆ. ಹೊಟ್ಟೆಯ ತುದಿ ಬಾಗಿಸಿದ ಗಿಡವನ್ನು ಗುರುತು ಹಾಕಿಕೊಳ್ಳಿ. ಅದೇ ಗಿಡ ನೆರಳಿನಲ್ಲೂ ಇದ್ದು, ಬಿಸಿಲಲ್ಲಿರುವುದಕ್ಕೆ ಮಾತ್ರ ಬರುತ್ತಿದೆಯೇ? ಹುಲ್ಲು ಎಷ್ಟೆತ್ತರ? ಕೋಶ ಎಲ್ಲಿ ಕಟ್ಟುತ್ತದೆ? ವಾರಕ್ಕೊಮ್ಮೆ, ಬಿಸಿಲಿರುವ ಹೊತ್ತು, ಒಂದೇ ದಾರಿಯಲ್ಲಿ ನಡೆದು ಎಣಿಸಿ. ಬ್ರಿಟನ್ನಿನಲ್ಲಿ 1976ರಿಂದ ಹೀಗೇ ಎಣಿಸುತ್ತಿದ್ದಾರೆ, ಅದಕ್ಕೆ ಪೆನ್ನು ಮತ್ತು ಕಾಲು ಸಾಕು. ಅಲ್ಲಿ ಮೊದಲಿನಿಂದ ಮೇಯಿಸುತ್ತಿರುವವರನ್ನೂ ಕೇಳಿ. ಅವರ ದನಗಳು ಇದ್ದಾಗಲೇ ಅಲ್ವಾ ಈ ಚಿಟ್ಟೆ ಇಲ್ಲಿಯವರೆಗೆ ಬದುಕಿದ್ದು?

ಮೇಯಿಸುವುದು ಜಾಸ್ತಿಯಾಗಿ ಮೊಟ್ಟೆ ಇಡುವ ಗಿಡವೇ ಹೋಗುತ್ತಿದೆ ಅನ್ನಿಸಿದರೆ, ಒಂದು ಮೂಲೆಗೆ ಮಾತ್ರ ಬೇಲಿ ಹಾಕಿ ನೋಡಿ. ಹೂಗಿಡ ನೆಡುವುದಾದರೆ ಆ ಬಯಲಿನವೇ ಇರಲಿ. "ಹೂ ನೆಡಿ, ಚಿಟ್ಟೆ ಬರುತ್ತದೆ" ಅಂತ ಹಿಂದೊಮ್ಮೆ ನಾವೇ ಅಚ್ಚು ಹಾಕಿದ್ದೆವು. ಅದು ಅರ್ಧ ಮಾತು, ತಪ್ಪು ನಮ್ಮದು.

ಮೊಟ್ಟೆ ಕಂಡ ಗಿಡದ ಫೋಟೋ ಕಳಿಸಿಕೊಡಿ. ಅಂದ ಹಾಗೆ, ನಿಮ್ಮ ಪತ್ರದಲ್ಲಿದ್ದ ಜಾಗದ ಹೆಸರನ್ನು ನಾವು ತೆಗೆದಿದ್ದೇವೆ. ಪಿನ್ ಚುಚ್ಚುವವರು ಈಗಲೂ ಇದ್ದಾರೆ.